ಅಕ್ಕಿ ಡಬ್ಬದಲ್ಲಿ ತಾತನ ಕನ್ನಡಕ: ಪುಟ್ಟ ಮಕ್ಕಳಿಗೆ ಆಟದ ಚಿಕಿತ್ಸೆ ಏನು ಮಾಡುತ್ತದೆ?

ಪ್ರಶ್ನೆ: ನಾವು ಹಾಸನದವರು. ನನ್ನ ಮಗನಿಗೆ ಐದೂವರೆ ವರ್ಷ, ಯುಕೆಜಿ. ನಾಲ್ಕು ತಿಂಗಳ ಹಿಂದೆ ನಮ್ಮ ಮಾವ ತೀರಿಕೊಂಡರು. ಮಗ ಅವರ ಪಕ್ಕದಲ್ಲೇ ಮಲಗುತ್ತಿದ್ದ, ಅವರ ಕೈಯಲ್ಲೇ ಉಣ್ಣುತ್ತಿದ್ದ. ಅವನಿಗೆ ‘ತಾತ ಊರಿಗೆ ಹೋಗಿದ್ದಾರೆ’ ಎಂದು ಹೇಳಿದ್ದೇವೆ. ಮೂರು ವರ್ಷಕ್ಕೇ ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಈಗ ಮತ್ತೆ ಶುರುವಾಗಿದೆ. ಒಂದು ವರ್ಷದ ತಂಗಿಯನ್ನು ಕಚ್ಚುತ್ತಾನೆ. ನಾನು ಕೆಲಸಕ್ಕೆ ಹೊರಟರೆ ವೇಲ್ ಹಿಡಿದುಕೊಂಡು ರಚ್ಚೆ ಮಾಡುತ್ತಾನೆ. ಇನ್ನೊಂದು ವಿಚಿತ್ರ. ತಾತನ ಕನ್ನಡಕದ ಡಬ್ಬಿಯನ್ನು ಅಕ್ಕಿ ಡಬ್ಬದೊಳಗೆ ಹೂತಿಡುತ್ತಾನೆ, ತೆಗೆಯುತ್ತಾನೆ, ಮತ್ತೆ ಹೂತಿಡುತ್ತಾನೆ. ದಿನಕ್ಕೆ ಹತ್ತು ಸಲ. ಇದು ಅಪಶಕುನ ಎಂದು ನಮ್ಮ ಅತ್ತೆಗೆ ಭಯ. ಮಕ್ಕಳ ಡಾಕ್ಟರು ಪ್ಲೇ ಥೆರಪಿ ಮಾಡಿಸಿ ಎಂದರು. ‘ಆಟ ಆಡಿಸೋಕೂ ಫೀಸ್ ಕೊಡ್ಬೇಕಾ? ಮನೇಲೇ ಆಡಿಸು’ ಎನ್ನುತ್ತಾರೆ ನಮ್ಮ ಯಜಮಾನರು. ಇದರಿಂದ ನಿಜಕ್ಕೂ ಉಪಯೋಗ ಇದೆಯಾ? ಆ ಕನ್ನಡಕದ ಡಬ್ಬಿಯನ್ನು ಎತ್ತಿ ಬಚ್ಚಿಡಲೇ?

ಉತ್ತರ: ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ನನ್ನ ಮನಸ್ಸು ನಿಂತಿದ್ದು ಆ ಅಕ್ಕಿ ಡಬ್ಬದ ಹತ್ತಿರ. ಮಗುವನ್ನು ನೋಡದೆ ಖಚಿತವಾಗಿ ಹೇಳುವುದು ತಪ್ಪು. ಆದರೆ ಇಷ್ಟು ವರ್ಷ ಮಕ್ಕಳ ಜೊತೆ ನೆಲದ ಮೇಲೆ ಕೂತು ಕೆಲಸ ಮಾಡಿದ ನನಗೆ ಅದು ಅಪಶಕುನವಾಗಿ ಕಾಣಲಿಲ್ಲ. ಅರ್ಥವಾಗದ ಒಂದು ದೊಡ್ಡ ವಿಷಯವನ್ನು ನಿಮ್ಮ ಮಗ ಕೈಗೆ ಸಿಕ್ಕಿದ ವಸ್ತುವಿನಲ್ಲೇ ಅರ್ಥ ಮಾಡಿಕೊಳ್ಳಲು ನೋಡುತ್ತಿದ್ದಾನೆ ಅನ್ನಿಸಿತು. ಇದ್ದದ್ದು ಕಾಣದ ಹಾಗೆ ಆಗುತ್ತದೆ. ಕೈ ಹಾಕಿದರೆ ಮತ್ತೆ ಸಿಗುತ್ತದೆ. ಹಾಗಾದರೆ ತಾತ ಯಾಕೆ ಸಿಗುತ್ತಿಲ್ಲ? ಬಾಯಿಬಿಟ್ಟು ಕೇಳಲು ಅವನಿಗೆ ಮಾತು ಸಾಲುವುದಿಲ್ಲ. ಕೈಯಲ್ಲಿ ಕೇಳುತ್ತಿದ್ದಾನೆ.

ಮೊದಲು ಒಂದು ಕೆಲಸ ಮುಗಿಸಿ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ ಒಮ್ಮೆ ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಸೋಂಕು, ಸಕ್ಕರೆ ಕಾಯಿಲೆ, ಮಲಬದ್ಧತೆ, ಇವುಗಳಿಂದಲೂ ಹೀಗಾಗುತ್ತದೆ. ಡಾಕ್ಟರು ಆಗಲೇ ನೋಡಿದ್ದರೆ ಸರಿ. ಇಲ್ಲದಿದ್ದರೆ ಈ ವಾರವೇ ಕೇಳಿ. ಅಲ್ಲಿಯವರೆಗೂ, ಆಮೇಲೂ, ಬೆಳಿಗ್ಗೆ ಎದ್ದಾಗ ಬೈಯುವುದು, ಎಲ್ಲರ ಎದುರು ನಾಚಿಸುವುದು, ‘ತಂಗಿಯೇ ವಾಸಿ’ ಎನ್ನುವುದು ಬೇಡ. ಅವನು ಬೇಕೆಂದು ಮಾಡುತ್ತಿಲ್ಲ. ಸುಮ್ನೆ ಚಾದರ ಬದಲಿಸಿ, ಮೈ ತೊಳೆದು, ತಿಂಡಿ ಕೊಡಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ನಮಗೆ ದುಃಖವಾದರೆ ಅಕ್ಕನಿಗೆ ಫೋನ್ ಮಾಡುತ್ತೇವೆ. ಪಕ್ಕದ ಮನೆಯವರ ಹತ್ತಿರ ಹೇಳಿಕೊಳ್ಳುತ್ತೇವೆ. ಹೇಳಿಕೊಂಡರೆ ಎದೆ ಹಗುರಾಗುತ್ತದೆ. ಐದು ವರ್ಷದ ಮಗುವಿಗೆ ಆ ದಾರಿ ಇನ್ನೂ ತೆರೆದಿಲ್ಲ. ‘ಬೇಜಾರು’, ‘ಭಯ’ ಎಂಬ ಪದಗಳು ಗೊತ್ತಿರಬಹುದು. ಆದರೆ ‘ತಾತ ಹೋದ ಮೇಲೆ ಅಮ್ಮನೂ ಹೋಗಿಬಿಟ್ಟರೆ ಅಂತ ಭಯ ಆಗುತ್ತೆ, ಎಲ್ಲರೂ ಪಾಪುವನ್ನೇ ಎತ್ತಿಕೊಳ್ಳುತ್ತಾರೆ, ನನ್ನವರು ಅಂತ ಇದ್ದವರು ತಾತ ಒಬ್ಬರೇ’ ಎಂದು ಜೋಡಿಸಿ ಹೇಳುವುದು ಅವನಿಂದ ಆಗದ ಮಾತು. ಅದು ದೊಡ್ಡವರಿಗೇ ಕಷ್ಟ. ಹೇಳಲಾಗದ್ದು ಮೈಯಲ್ಲಿ ಹೊರಗೆ ಬರುತ್ತದೆ. ಹಾಸಿಗೆಯಲ್ಲಿ, ಕಚ್ಚುವುದರಲ್ಲಿ, ವೇಲ್ ಹಿಡಿದು ಅಳುವುದರಲ್ಲಿ. ಇಲ್ಲವೆಂದರೆ ಆಟದಲ್ಲಿ ಬರುತ್ತದೆ. ಆಟದಲ್ಲಿ ಬಂದದ್ದನ್ನು ನಾವು ನೋಡಬಹುದು, ಜೊತೆಗೆ ಕೂರಬಹುದು. ಚಿಕಿತ್ಸೆ ಆ ಬಾಗಿಲಿನಿಂದ ಒಳಗೆ ಹೋಗುತ್ತದೆ.

ಮನಶ್ಶಾಸ್ತ್ರಜ್ಞ ಸಿಗ್ಮಂಡ್ ಫ್ರಾಯ್ಡ್ 1920ರಲ್ಲಿ ತಮ್ಮ ಮೊಮ್ಮಗನ ಒಂದು ಆಟದ ಬಗ್ಗೆ ಬರೆದರು. ಮಗುವಿಗೆ ಒಂದೂವರೆ ವರ್ಷ. ಅಮ್ಮ ಹೊರಗೆ ಹೋದಾಗ ಅದು ಅಳುತ್ತಿರಲಿಲ್ಲ. ದಾರ ಕಟ್ಟಿದ ಒಂದು ಮರದ ಉರುಳೆಯನ್ನು ತೊಟ್ಟಿಲಿನ ಅಂಚಿನಾಚೆಗೆ ಎಸೆಯುತ್ತಿತ್ತು. ಉರುಳೆ ಮಾಯ. ದಾರ ಎಳೆದರೆ ಉರುಳೆ ಹಾಜರು. ಮತ್ತೆ ಎಸೆತ, ಮತ್ತೆ ಎಳೆತ. ಅಮ್ಮ ಹೋಗುವುದು, ಬರುವುದು ಮಗುವಿನ ಕೈಯಲ್ಲಿರಲಿಲ್ಲ. ಉರುಳೆ ಹೋಗುವುದು, ಬರುವುದು ಅದರ ಕೈಯಲ್ಲಿತ್ತು. ನಮ್ಮ ಮನೆಗಳಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ತೆಗೆದು ನಗಿಸುತ್ತೇವಲ್ಲ, ಅದೂ ಇದೇ ಆಟ. ನಿಮ್ಮ ಮಗನ ಅಕ್ಕಿ ಡಬ್ಬವೂ ಆ ಉರುಳೆಯ ಹತ್ತಿರದ ಸಂಬಂಧಿ ಎಂದು ನನಗೆ ಅನ್ನಿಸುತ್ತದೆ.

ಆಟವನ್ನೇ ಚಿಕಿತ್ಸೆಯಾಗಿ ಬಳಸುವುದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಸುಮಾರು ನೂರು ವರ್ಷವಾಯಿತು. ಲಂಡನ್ನಿನಲ್ಲಿ ಮಾರ್ಗರೆಟ್ ಲೊವೆನ್‌ಫೆಲ್ಡ್ ಎಂಬ ಮಕ್ಕಳ ವೈದ್ಯೆ 1920ರ ದಶಕದ ಕೊನೆಯಲ್ಲಿ ಮರಳು ತುಂಬಿದ ತಟ್ಟೆ ಮತ್ತು ಪುಟ್ಟ ಪುಟ್ಟ ಗೊಂಬೆಗಳನ್ನು ಮಕ್ಕಳ ಮುಂದೆ ಇಟ್ಟರು. ಮಕ್ಕಳು ಅದರಲ್ಲಿ ಕಟ್ಟಿದ್ದನ್ನು ತಾವೇ ‘ಪ್ರಪಂಚ’ ಎಂದು ಕರೆದರು. ಅಮೆರಿಕದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ ಈ ಕೆಲಸಕ್ಕೆ ಎಂಟು ಸೂತ್ರಗಳನ್ನು ಬರೆದರು. ಇವತ್ತಿಗೂ ನಾವು ಅವನ್ನು ಇಟ್ಟುಕೊಂಡೇ ಕೆಲಸ ಮಾಡುತ್ತೇವೆ. ಅವುಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಎರಡು. ಮಗು ಮುಂದೆ ನಡೆಯಬೇಕು, ದೊಡ್ಡವರು ಹಿಂದೆ ಬರಬೇಕು. ಅವಸರ ಮಾಡಬಾರದು.

ನಿಮ್ಮ ಯಜಮಾನರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಾವು ಮಗುವನ್ನು ಆಟ ಆಡಿಸುವುದಿಲ್ಲ. ಮಗು ಆಡುತ್ತದೆ. ನೋಡಲು ಎರಡೂ ಒಂದೇ ಥರ ಕಾಣುತ್ತವೆ, ಆದರೆ ಬೇರೆ ಬೇರೆ. ಮನೆಯಲ್ಲಿ ನಾವು ಮಗುವಿನ ಜೊತೆ ಆಡಲು ಕೂತರೆ ಏನು ಮಾಡುತ್ತೇವೆ? ‘ಇದು ಯಾವ ಬಣ್ಣ ಹೇಳು’. ‘ಹಾಗಲ್ಲ, ಚಕ್ರ ಇಲ್ಲಿ ಹಾಕು’. ‘ಛೇ, ಪಾಪ, ಗೊಂಬೆಗೆ ಹೊಡೀಬಾರದು’. ‘ಎಷ್ಟು ಚೆನ್ನಾಗಿ ಮಾಡಿದ್ಯಾ, ಜಾಣ’. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಒಂದೊಂದು ಮಾತಿಗೂ ಆಟದ ಹಗ್ಗ ಮಗುವಿನ ಕೈಯಿಂದ ನಮ್ಮ ಕೈಗೆ ಬರುತ್ತದೆ. ಗೊಂಬೆಗೆ ಹೊಡೆಯಬಾರದು ಎಂದು ಗೊತ್ತಾದ ಮಗು ತನ್ನ ಸಿಟ್ಟನ್ನು ಅಲ್ಲಿ ತೋರಿಸುವುದಿಲ್ಲ. ತಂಗಿಯ ಕೈಯ ಮೇಲೆ ತೋರಿಸುತ್ತದೆ.

ಆಟದ ಕೋಣೆ ಎಂದರೆ ದೊಡ್ಡ ಅರಮನೆಯೇನೂ ಅಲ್ಲ. ಒಂದು ಚಾಪೆ, ಕೆಳಗಿನ ಶೆಲ್ಫಿನಲ್ಲಿ ಕೈಗೆ ಎಟುಕುವ ಸಾಮಾನು. ಅಪ್ಪ, ಅಮ್ಮ, ಅಜ್ಜಿ, ತಾತ, ಪಾಪು, ಹೀಗೆ ಒಂದು ಸಂಸಾರದ ಗೊಂಬೆಗಳು. ಹಸು, ನಾಯಿ, ಹುಲಿ, ಮೊಸಳೆ. ಚನ್ನಪಟ್ಟಣದ ಅಡುಗೆ ಸಾಮಾನು. ಡಾಕ್ಟರ್ ಸೆಟ್ಟು. ಆಟದ ಫೋನು, ಆಂಬುಲೆನ್ಸು. ಜೇಡಿಮಣ್ಣು, ಬಣ್ಣ, ಕಾಗದ. ಗುದ್ದಲು ಒಂದು ದಪ್ಪ ದಿಂಬು. ಮರಳು ತಟ್ಟೆಯಂತೂ ಬೇಕೇ ಬೇಕು. ಕೀಲಿ ಕೊಟ್ಟರೆ ತಾನೇ ಓಡಾಡುವ, ಹಾಡು ಹೇಳುವ ಆಟಿಕೆಗಳನ್ನು ನಾನು ಇಡುವುದಿಲ್ಲ. ಅವು ತಾವೇ ಆಡುತ್ತವೆ, ಮಗು ನೋಡುತ್ತಾ ಕೂರುತ್ತದೆ. ಒಂದು ಮರದ ತುಂಡು ದೋಣಿಯೂ ಆಗುತ್ತದೆ, ಮೊಬೈಲೂ ಆಗುತ್ತದೆ, ಹಾಸಿಗೆಯೂ ಆಗುತ್ತದೆ. ನಮಗೆ ಬೇಕಾದ್ದು ಅಂಥವು. ಮತ್ತೊಂದು ವಿಷಯ. ಎಲ್ಲವೂ ಪ್ರತಿ ವಾರ ಅದೇ ಜಾಗದಲ್ಲಿ ಇರಬೇಕು. ಮನೆಯಲ್ಲಿ ಇದ್ದವರೇ ಇಲ್ಲವಾದ ಮಗುವಿಗೆ, ಹೋದ ವಾರ ಬಿಟ್ಟುಹೋದ ಆನೆ ಈ ವಾರ ಅಲ್ಲೇ ಇದೆ ಎನ್ನುವುದು ಸಣ್ಣ ವಿಷಯವಲ್ಲ.

ಒಂದು ಮಗುವಿನ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಆರು ವರ್ಷದ ಹುಡುಗ. ಅಜ್ಜಿ ತೀರಿಹೋಗಿದ್ದರು. ಸ್ಕೂಲಿನಲ್ಲಿ ಮಂಕಾಗಿ ಕೂರುತ್ತಿದ್ದ. ಮನೆಯಲ್ಲಿ ಸಣ್ಣದಕ್ಕೂ ಸಿಡಿಯುತ್ತಿದ್ದ. ಮೊದಲ ಮೂರು ವಾರ ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಾರುಗಳನ್ನು ಸಾಲಾಗಿ ನಿಲ್ಲಿಸುವುದು, ಅಷ್ಟೇ. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ‘ಕೆಂಪು ಕಾರು ಎಲ್ಲಕ್ಕಿಂತ ಹಿಂದೆ ಬಂತು’ ಎಂದು ಆಗಾಗ ಒಂದು ಮಾತು. ಹೊರಗೆ ಕಾಯುತ್ತಿದ್ದ ಅವನ ಅಪ್ಪನಿಗೆ ಇದು ದುಡ್ಡು ದಂಡ ಅನ್ನಿಸಿತ್ತು. ನನಗೆ ಅದು ಗೊತ್ತಿತ್ತು.

ನಾಲ್ಕನೇ ವಾರ ಅವನು ಆನೆಯನ್ನು ಎತ್ತಿಕೊಂಡು ಹೋಗಿ ಮರಳಿನಲ್ಲಿ ಹೂತ. ತಟ್ಟಿ ಸಮ ಮಾಡಿದ. ಆಮೇಲೆ ನನ್ನ ಮುಖ ನೋಡಿದ. ಆ ನೋಟದಲ್ಲಿ ಒಂದು ಪರೀಕ್ಷೆ ಇತ್ತು. ಈ ದೊಡ್ಡವರು ಈಗ ಬೈಯುತ್ತಾರಾ? ಅಳುತ್ತಾರಾ? ಮಾತು ಬದಲಿಸುತ್ತಾರಾ? ನಾನು ಇಷ್ಟೇ ಹೇಳಿದೆ: ‘ಆನೆ ಒಳಗೆ ಹೋಯಿತು. ಈಗ ಯಾರಿಗೂ ಕಾಣುತ್ತಿಲ್ಲ.’ ‘ಅಜ್ಜಿ ನೆನಪಾದ್ರಾ ಪುಟ್ಟ?’ ಎಂದು ಕೇಳಲಿಲ್ಲ. ಕೇಳಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಮಗು ಆನೆಯ ಹಿಂದೆ ನಿಂತುಕೊಂಡಿದೆ. ಆನೆಯನ್ನು ಪಕ್ಕಕ್ಕೆ ಸರಿಸಿ ಮಗುವಿನ ಮುಖಕ್ಕೆ ಟಾರ್ಚ್ ಹಾಕಬಾರದು.

ಹಲವು ವಾರ ಇದೇ ನಡೆಯಿತು. ಹೂಳುವುದು, ತೆಗೆಯುವುದು. ಆಮೇಲೆ ಒಂದು ದಿನ ಒಂದು ಮಂಗ ಬಂತು. ಮಂಗ ಆನೆಯ ಕಿವಿಯ ಹತ್ತಿರ ಹೋಗಿ ಜೋರಾಗಿ ಕಿರುಚಿತು. ಆನೆ ದೊಪ್ಪನೆ ಬಿತ್ತು. ‘ಸತ್ತೋಯ್ತು’ ಎಂದ. ‘ಮಂಗ ಕಿರುಚಿದ್ದಕ್ಕೆ’ ಎಂದೂ ಸೇರಿಸಿದ. ನನ್ನ ಮೈ ಜುಮ್ಮೆಂದಿತು. ‘ತನ್ನಿಂದಲೇ ಹೀಗಾಯಿತು ಅಂತ ಮಂಗನಿಗೆ ಅನ್ನಿಸ್ತಿದೆ. ಮಂಗನಿಗೆ ತುಂಬಾ ಭಯ ಆಗಿದೆ’ ಎಂದೆ. ಅವನು ಮಂಗವನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡ. ಅವತ್ತು ಪೂರ್ತಿ ಹೊರಗೆ ತೆಗೆಯಲೇ ಇಲ್ಲ.

ಅಜ್ಜಿಗೆ ಹುಷಾರಿಲ್ಲದಾಗ ಮನೆಯವರು ‘ಗಲಾಟೆ ಮಾಡಬೇಡ, ಅಜ್ಜಿಗೆ ತೊಂದರೆ ಆಗುತ್ತೆ’ ಎಂದು ಅವನಿಗೆ ಹೇಳುತ್ತಿದ್ದರಂತೆ. ಎಲ್ಲ ಮನೆಯಲ್ಲೂ ಹೇಳುವ ಮಾತೇ ಅದು, ಅಲ್ವಾ? ಆದರೆ ಈ ವಯಸ್ಸಿನ ಮಕ್ಕಳು ತಮ್ಮ ಮಾತಿಗೆ, ತಮ್ಮ ಸಿಟ್ಟಿಗೆ ಲೋಕವನ್ನು ಬದಲಿಸುವ ಶಕ್ತಿ ಇದೆ ಎಂದು ನಂಬುತ್ತಾರೆ. ತಾನು ಕಿರುಚಿದ್ದರಿಂದ ಅಜ್ಜಿ ಸತ್ತರು ಎಂಬ ಲೆಕ್ಕವನ್ನು ಆ ಹುಡುಗ ತಿಂಗಳುಗಟ್ಟಲೆ ಒಬ್ಬನೇ ಹೊತ್ತಿದ್ದ. ಅಪ್ಪ, ಅಮ್ಮ ಇಬ್ಬರೂ ಒಳ್ಳೆಯವರು, ಅವನನ್ನು ಕೇಳಿಯೂ ಕೇಳಿದ್ದರು. ‘ಏನಾಗಿದೆ ನಿನಗೆ?’ ಎಂದರೆ ‘ಏನಿಲ್ಲ’ ಎನ್ನುತ್ತಿದ್ದ. ಮಂಗ ಹೇಳಿತು.

ಮುಂದಿನ ವಾರಗಳಲ್ಲಿ ಆಂಬುಲೆನ್ಸು ಬಂತು. ಡಾಕ್ಟರ್ ಗೊಂಬೆ ಬಂದು ಆನೆಯನ್ನು ನೋಡಿತು. ‘ಇದಕ್ಕೆ ವಯಸ್ಸಾಗಿತ್ತು, ಹಾರ್ಟ್ ಕೆಟ್ಟಿತ್ತು’ ಎಂದು ಅವನೇ ಡಾಕ್ಟರ ದನಿಯಲ್ಲಿ ಹೇಳಿದ. ಅಷ್ಟು ಹೊತ್ತಿಗೆ, ಕಿರುಚಿದರೆ ಯಾರೂ ಸಾಯುವುದಿಲ್ಲ, ಅಜ್ಜಿಗೆ ಹೃದಯದ ಕಾಯಿಲೆ ಇತ್ತು ಎಂದು ಅವನ ಅಮ್ಮನೂ ಮನೆಯಲ್ಲಿ ಬಿಡಿಸಿ ಹೇಳಿದ್ದರು. ಮಂಗಕ್ಕೆ ಊಟ ಸಿಕ್ಕಿತು. ಆನೆಗೆ ಹೂವು ಇಟ್ಟರು. ಕೊನೆಕೊನೆಗೆ ಅವನು ಆನೆಯ ಕಡೆ ಹೋಗದೆ ಬರೀ ರಸ್ತೆ, ಸೇತುವೆ ಕಟ್ಟುತ್ತಿದ್ದ. ಸ್ಕೂಲಿನಲ್ಲಿ ಬಯ್ಯಿಸಿಕೊಳ್ಳುವಷ್ಟು ಮಾತಾಡುತ್ತಿದ್ದಾನೆ ಎಂದು ಅವನ ಅಮ್ಮ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಏನು ಬೇಕಾದರೂ ಮಾಡಲು ಬಿಡುತ್ತೀರಾ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಎಲ್ಲ ಭಾವನೆಗಳಿಗೂ ಜಾಗ ಇದೆ, ಎಲ್ಲ ಕೆಲಸಕ್ಕೂ ಇಲ್ಲ. ನನಗೆ ಹೊಡೆಯುವಂತಿಲ್ಲ, ತನಗೆ ನೋವು ಮಾಡಿಕೊಳ್ಳುವಂತಿಲ್ಲ, ಸಮಯ ಮುಗಿದ ಮೇಲೆ ಕೂರುವಂತಿಲ್ಲ. ಅಮೆರಿಕದ ಆಟದ ಚಿಕಿತ್ಸಕ ಗ್ಯಾರಿ ಲ್ಯಾಂಡ್ರೆತ್ ಇದಕ್ಕೆ ಮೂರು ಹೆಜ್ಜೆ ಹೇಳಿಕೊಟ್ಟಿದ್ದಾರೆ. ಮೊದಲು ಭಾವನೆ ಹೇಳಿ. ಆಮೇಲೆ ಗೆರೆ ಹಾಕಿ. ಆಮೇಲೆ ದಾರಿ ತೋರಿಸಿ. ‘ನಿನಗೆ ತುಂಬಾ ಸಿಟ್ಟು ಬಂದಿದೆ. ಪಾಪು ಇರೋದು ಕಚ್ಚೋಕಲ್ಲ. ಈ ದಿಂಬನ್ನು ಕಚ್ಚಬಹುದು.’ ನಿಮ್ಮ ಮನೆಯಲ್ಲಿ ಇವತ್ತು ಸಂಜೆಯಿಂದಲೇ ಇದನ್ನು ಶುರು ಮಾಡಬಹುದು. ದನಿ ಏರಿಸದೆ, ಪ್ರತಿ ಸಲವೂ ಅದೇ ಮಾತು. ತಂಗಿಯನ್ನು ಮಾತ್ರ ಅವನ ಜೊತೆ ಒಂಟಿಯಾಗಿ ಬಿಡಬೇಡಿ. ಒಂದು ವರ್ಷದ ಮಗುವಿನ ಕ್ಷೇಮ ಯಾವ ಚಿಕಿತ್ಸೆಗಿಂತಲೂ ಮುಂದು.

ಒಂದೇ ಆಟವನ್ನು ಮತ್ತೆ ಮತ್ತೆ ಆಡುವುದು ಒಳ್ಳೆಯದಾ, ಕೆಟ್ಟದ್ದಾ? ಇದನ್ನು ತಿಳಿಯಲು ಒಂದು ಕಹಿ ಘಟನೆ ನೆನಪಾಗುತ್ತದೆ. 1976ರ ಜುಲೈನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಎಂಬ ಊರಿನಲ್ಲಿ 26 ಮಕ್ಕಳಿದ್ದ ಸ್ಕೂಲ್ ಬಸ್ಸನ್ನು ದುಷ್ಕರ್ಮಿಗಳು ಅಪಹರಿಸಿದರು. ಮಕ್ಕಳನ್ನೂ ಡ್ರೈವರನ್ನೂ ನೆಲದೊಳಗೆ ಹೂತಿದ್ದ ಒಂದು ಲಾರಿಯ ಪೆಟ್ಟಿಗೆಯಲ್ಲಿ ಕೂಡಿಹಾಕಿದರು. ಸುಮಾರು 16 ಗಂಟೆಯ ನಂತರ ಅವರೇ ಮೇಲಿನ ಮುಚ್ಚಳ ಸರಿಸಿ ಹೊರಗೆ ಬಂದರು. ಎಲ್ಲರೂ ಬದುಕಿದರು. ಲೆನೋರ್ ಟೆರ್ ಎಂಬ ಮಕ್ಕಳ ಮನೋವೈದ್ಯೆ ಆಮೇಲೆ ಆ ಮಕ್ಕಳನ್ನು ಭೇಟಿಯಾಗಿ ವರ್ಷಗಟ್ಟಲೆ ಗಮನಿಸಿದರು. ಅವರಲ್ಲಿ ಹಲವು ಮಕ್ಕಳು ಆ ಘಟನೆಯನ್ನೇ ಆಟವಾಗಿ ಆಡುತ್ತಿದ್ದರು. ಆದರೆ ಆ ಆಟದಿಂದ ಅವರಿಗೆ ನೆಮ್ಮದಿ ಬರುತ್ತಿರಲಿಲ್ಲ. ನಗು ಇಲ್ಲ, ಬದಲಾವಣೆ ಇಲ್ಲ. ಅದೇ ಆಟ, ಅದೇ ಕೊನೆ, ಅದೇ ಭಯ.

ಟೆರ್ ಅವರ ಈ ಕೆಲಸದಿಂದ ನಾವು ಕಲಿತದ್ದು ಬಹಳ. ಮರುಕಳಿಸುವ ಆಟದಲ್ಲಿ ಎರಡು ಬಗೆ. ಒಂದು, ನಿಧಾನವಾಗಿ ತಿರುಗುತ್ತಾ ಮುಂದೆ ಹೋಗುವ ಆಟ. ನನ್ನ ಹುಡುಗನ ಆನೆಯ ಆಟದಲ್ಲಿ ಮೊದಲು ಮಂಗ ಬಂತು, ಆಮೇಲೆ ಡಾಕ್ಟರು, ಆಮೇಲೆ ಹೂವು. ಇನ್ನೊಂದು, ಕೆಸರಿನಲ್ಲಿ ಹೂತ ಗಾಡಿ ಚಕ್ರದ ಹಾಗೆ ಅಲ್ಲೇ ತಿರುಗುವ ಆಟ. ಮುಖ ಬಿಗಿದಿರುತ್ತದೆ, ಆಡಿ ಮುಗಿಸಿದ ಮೇಲೆ ಮಗು ಇನ್ನಷ್ಟು ಕಳವಳದಲ್ಲಿರುತ್ತದೆ. ಎರಡನೆಯದಕ್ಕೆ ಮಗುವೊಂದೇ ಸಾಲದು. ಪಕ್ಕದಲ್ಲಿ ಈ ಕೆಲಸ ಗೊತ್ತಿರುವ ದೊಡ್ಡವರೊಬ್ಬರು ಕೂತು ಸ್ವಲ್ಪ ತಳ್ಳಬೇಕು. ‘ಇವರಿಗೆ ಸಹಾಯ ಮಾಡೋಕೆ ಯಾರಾದ್ರೂ ಬರಬಹುದಾ?’ ಎಂದು ಒಂದು ಗೊಂಬೆ ಕೇಳಿದರೂ ಸಾಕು, ಕೆಲವೊಮ್ಮೆ ಚಕ್ರ ಮೇಲೆ ಬರುತ್ತದೆ. ಯಾವಾಗ ತಳ್ಳಬೇಕು, ಯಾವಾಗ ಸುಮ್ಮನಿರಬೇಕು ಎಂದು ತಿಳಿಯಲು ವರ್ಷಗಳ ಅಭ್ಯಾಸ ಬೇಕು. ಫೀಸು ಇದಕ್ಕೆ. ನಿಮ್ಮ ಯಜಮಾನರಿಗೆ ಇದನ್ನು ತಿಳಿಸಿ.

ಹಾಗಂತ ಅವರು ಹೇಳಿದ್ದರಲ್ಲಿ ಹುರುಳಿಲ್ಲ ಎಂದಲ್ಲ. ‘ಮನೇಲೇ ಆಡಿಸು’ ಎಂಬ ಮಾತಿನಲ್ಲಿ ಅರ್ಧ ಸತ್ಯ ಇದೆ. ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ ಎಂಬ ಅಮೆರಿಕದ ದಂಪತಿ 1960ರ ದಶಕದಲ್ಲಿ ಅಪ್ಪ ಅಮ್ಮಂದಿರಿಗೇ ಈ ಬಗೆಯ ಆಟವನ್ನು ಕಲಿಸಲು ಶುರು ಮಾಡಿದರು. ಲ್ಯಾಂಡ್ರೆತ್ ಮುಂದೆ ಅದನ್ನು 10 ವಾರಗಳ ತರಬೇತಿಯಾಗಿ ಮಾಡಿದರು. 2005ರಲ್ಲಿ ಅಮೆರಿಕದ ಸಂಶೋಧಕರು ಆಟದ ಚಿಕಿತ್ಸೆಯ 93 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಚಿಕಿತ್ಸೆ ಪಡೆದ ಮಕ್ಕಳು ಪಡೆಯದ ಮಕ್ಕಳಿಗಿಂತ ಚೆನ್ನಾಗಿ ಸುಧಾರಿಸಿದ್ದರು. ತರಬೇತಿ ಪಡೆದ ಅಪ್ಪ ಅಮ್ಮನೇ ಆಡಿದಲ್ಲಿ ಫಲ ಇನ್ನೂ ಜಾಸ್ತಿ. ಆ ಅಧ್ಯಯನಗಳಲ್ಲಿ ಹಲವು ಚಿಕ್ಕವು, ಗುಣಮಟ್ಟವೂ ಒಂದೇ ಸಮ ಇರಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ನನ್ನ ಅನುಭವ ಇದಕ್ಕೆ ಹೊಂದುತ್ತದೆ. ವಾರಕ್ಕೆ 45 ನಿಮಿಷ ನಾನು ಕೊಡಬಹುದು. ಮಗು ಬದುಕುವುದು ನಿಮ್ಮ ಜೊತೆ.

ಮನೆಯಲ್ಲಿ ಹೀಗೆ ಮಾಡಿ. ವಾರದಲ್ಲಿ ಒಂದು ದಿನ, ಅರ್ಧ ಗಂಟೆ. ದಿನ, ಹೊತ್ತು, ಜಾಗ ಬದಲಾಗಬಾರದು. ಭಾನುವಾರ ಹನ್ನೊಂದು ಗಂಟೆ, ಮಹಡಿ ಕೋಣೆ ಎಂದರೆ ಅದೇ. ಪಾಪುವನ್ನು ಅಜ್ಜಿ ನೋಡಿಕೊಳ್ಳಲಿ. ಫೋನು ಇನ್ನೊಂದು ಕೋಣೆಯಲ್ಲಿರಲಿ, ಸೈಲೆಂಟ್ ಮಾಡಿ ಜೇಬಿನಲ್ಲಿ ಇಟ್ಟುಕೊಳ್ಳುವುದಲ್ಲ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಈ ಆಟಕ್ಕೆಂದೇ ಕೆಲವು ಸಾಮಾನು ಇಡಿ. ಸಂಸಾರದ ಗೊಂಬೆಗಳು, ನಾಲ್ಕು ಪ್ರಾಣಿ, ಬಣ್ಣ, ಒಂದು ಉಂಡೆ ಗೋಧಿಹಿಟ್ಟು, ಹಳೇ ಪಾತ್ರೆ, ಬ್ಯಾಂಡೇಜು, ಒಂದು ಟವೆಲ್ಲು. ದುಡ್ಡು ಸುರಿಯಬೇಕಾಗಿಲ್ಲ. ‘ಈ ಅರ್ಧ ಗಂಟೆ ನಿನಗೆ ಬೇಕಾದ ಹಾಗೆ ಆಡಬಹುದು’ ಎಂದು ಹೇಳಿ ನೆಲದ ಮೇಲೆ ಕೂತುಬಿಡಿ.

ಆಮೇಲೆ ಕಷ್ಟದ ಭಾಗ. ಪ್ರಶ್ನೆ ಕೇಳಬೇಡಿ. ಕಲಿಸಬೇಡಿ. ಹೊಗಳಲೂ ಬೇಡಿ. ಹೊಗಳಿದರೆ ಮಗು ನಿಮ್ಮನ್ನು ಮೆಚ್ಚಿಸಲು ಆಡಲು ಶುರು ಮಾಡುತ್ತದೆ. ಕಂಡದ್ದನ್ನು ಮೆಲ್ಲಗೆ ಹೇಳಿ: ‘ಹುಲಿ ಮನೆಯೊಳಗೆ ಬಂತು’. ಭಾವನೆ ಕಂಡರೆ ಅದನ್ನು ಹೇಳಿ: ‘ಪಾಪು ಗೊಂಬೆ ಮೇಲೆ ಎಲ್ಲರಿಗೂ ಕೋಪ ಬಂದಿದೆ’. ಪಾಪು ಗೊಂಬೆಯನ್ನು ಅವನು ಬಾಗಿಲಿನಾಚೆ ಎಸೆಯಬಹುದು. ಎಸೆಯಲಿ. ನಿಮ್ಮ ಹೊಟ್ಟೆ ಕಿವುಚಿದಂತಾಗುತ್ತದೆ. ಆದರೂ ‘ಅದು ತಂಗಿ ಅಲ್ವಾ, ಪಾಪ’ ಎನ್ನಬೇಡಿ. ಗೊಂಬೆ ಆಚೆ ಹೋದಷ್ಟೂ ತಂಗಿಯ ಕೈ ಉಳಿಯುತ್ತದೆ. ಮುಗಿಯಲು ಐದು ನಿಮಿಷ ಇರುವಾಗ ಹೇಳಿ, ಸಮಯಕ್ಕೆ ಸರಿಯಾಗಿ ಮುಗಿಸಿ. ಅವನು ತರಲೆ ಮಾಡಿದ ವಾರ ಶಿಕ್ಷೆ ಎಂದು ಈ ಅರ್ಧ ಗಂಟೆಯನ್ನು ಕಿತ್ತುಕೊಳ್ಳಬೇಡಿ.

ಸಾಧ್ಯವಾದರೆ ಈ ಅರ್ಧ ಗಂಟೆ ಅಪ್ಪನದ್ದಾಗಲಿ. ಅವರೂ ಈಗಷ್ಟೇ ತಮ್ಮ ಅಪ್ಪನನ್ನು ಕಳೆದುಕೊಂಡವರು. ಮನೆಯಲ್ಲಿ ಯಾರೂ ಅತ್ತದ್ದನ್ನು ಮಗು ನೋಡದಿದ್ದರೆ, ತಾತನ ಹೆಸರನ್ನೇ ಎತ್ತದಿದ್ದರೆ, ಅದು ಹೇಳಬಾರದ ವಿಷಯ ಎಂದು ಅವನು ತಿಳಿದುಕೊಳ್ಳುತ್ತಾನೆ.

ಈಗ ನಿಮಗೆ ನೋವಾಗುವ ಒಂದು ಮಾತು. ಕ್ಷಮಿಸಿ. ‘ತಾತ ಊರಿಗೆ ಹೋಗಿದ್ದಾರೆ’ ಎಂಬ ಮಾತನ್ನು ಬಿಡಬೇಕು. ನೀವು ಒಳ್ಳೆಯದಕ್ಕೇ ಹೇಳಿದ್ದೀರಿ. ಆದರೆ ಅವನ ಕಡೆಯಿಂದ ನೋಡಿ. ತಾತ ಒಂದು ಮಾತೂ ಹೇಳದೆ ಊರಿಗೆ ಹೋದರು. ನಾಲ್ಕು ತಿಂಗಳಾದರೂ ಫೋನಿಲ್ಲ. ಕನ್ನಡಕವನ್ನೂ ಬಿಟ್ಟುಹೋಗಿದ್ದಾರೆ. ಅಮ್ಮನೂ ದಿನಾ ಬ್ಯಾಗು ಹಾಕಿಕೊಂಡು ಹೋಗುತ್ತಾರೆ. ವೇಲ್ ಹಿಡಿದುಕೊಳ್ಳದೆ ಇನ್ನೇನು ಮಾಡಬೇಕು ಅವನು? ‘ಮಲಗಿದ್ದಾರೆ’ ಎಂದು ಹೇಳಿದ ಮನೆಗಳಲ್ಲಿ ಮಕ್ಕಳು ಮಲಗಲು ಹೆದರುವುದನ್ನು ನೋಡಿದ್ದೇನೆ. ‘ದೇವರು ಕರಕೊಂಡು ಹೋದ’ ಎಂದರೆ ದೇವರ ಮನೆಯೊಳಗೆ ಕಾಲಿಡದ ಮಕ್ಕಳನ್ನೂ ನೋಡಿದ್ದೇನೆ.

ಸತ್ತವರು ವಾಪಸ್ ಬರುವುದಿಲ್ಲ ಎಂಬುದು ಮಕ್ಕಳಿಗೆ ಪೂರ್ತಿ ಅರ್ಥವಾಗುವುದು ಹೆಚ್ಚಾಗಿ ಐದರಿಂದ ಏಳು ವರ್ಷದ ನಡುವೆ, ಅದೂ ಸ್ವಲ್ಪ ಸ್ವಲ್ಪವಾಗಿ. ಹಾಗಾಗಿ ಒಮ್ಮೆ ಹೇಳಿದರೆ ಮುಗಿಯುವುದಿಲ್ಲ. ಅಪ್ಪ, ಅಮ್ಮ ಇಬ್ಬರೂ ಕೂತು ಹೀಗೆ ಹೇಳಿ: ‘ತಾತ ಊರಿಗೆ ಹೋಗಿದ್ದಾರೆ ಅಂತ ಹೇಳಿದ್ವಿ. ಅದು ನಿಜ ಅಲ್ಲ. ನಿನಗೆ ಬೇಜಾರಾಗುತ್ತೆ ಅಂತ ಹಾಗೆ ಹೇಳಿದ್ವಿ. ತಾತ ಸತ್ತುಹೋದರು. ಅವರ ಮೈ ಕೆಲಸ ಮಾಡೋದು ನಿಲ್ಲಿಸಿತು. ಉಸಿರಾಡಲ್ಲ, ಹಸಿವಾಗಲ್ಲ, ನೋವೂ ಆಗಲ್ಲ. ಮತ್ತೆ ಬರೋಕೆ ಆಗಲ್ಲ. ನೀನು ಏನೋ ಮಾಡಿದ್ದಕ್ಕೆ ಹೀಗಾಗಲಿಲ್ಲ. ಅಮ್ಮ ಸಾಯಂಕಾಲ ಬಂದೇ ಬರ್ತಾಳೆ.’ ಅವನು ಅಳಬಹುದು. ಏನೂ ಆಗದವನಂತೆ ‘ಬಿಸ್ಕತ್ ಕೊಡು’ ಎನ್ನಬಹುದು. ಎರಡೂ ಸರಿಯೇ. ನಾಳೆ ‘ತಾತ ಯಾವಾಗ ಬರ್ತಾರೆ?’ ಎಂದು ಮತ್ತೆ ಕೇಳಬಹುದು. ಬೇಸರ ಮಾಡಿಕೊಳ್ಳದೆ ಅದನ್ನೇ ಮತ್ತೆ ಹೇಳಿ. ಮುಂದೆ ನಿಮ್ಮ ಮನೆಯಲ್ಲಿ ಎಡೆ ಇಡುವ ದಿನ ಬಂದಾಗ ತಾತನಿಗೆ ಇಷ್ಟವಾದದ್ದನ್ನು ಎಲೆಗೆ ಬಡಿಸಲು ಅವನನ್ನೂ ಕರೆಯಿರಿ.

ನಿಮ್ಮ ಅತ್ತೆಯವರು ದೃಷ್ಟಿ ತೆಗೆಯಬೇಕು ಎಂದರೆ ತೆಗೆಯಲಿ. ಅದರಲ್ಲಿ ಅವರ ಅಕ್ಕರೆ ಇದೆ, ಮಗುವಿಗೆ ಕೆಡುಕೇನೂ ಇಲ್ಲ. ಬರೆ ಹಾಕುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು ಮಾತ್ರ ಕೂಡದು. ಅವರನ್ನು ಈ ಕೆಲಸದಿಂದ ಹೊರಗೆ ಇಡಬೇಡಿ. ತಾತನ ಕಥೆ ಹೇಳಲು ಮನೆಯಲ್ಲಿ ಅವರಿಗಿಂತ ಬೇರೆ ಯಾರಿದ್ದಾರೆ?

ಚಿಕಿತ್ಸಕರನ್ನು ಹುಡುಕುವಾಗ ಬೋರ್ಡು ನೋಡಿ ಒಳಗೆ ಹೋಗಬೇಡಿ. ಕೆಲವೇ ದಿನಗಳ ಕೋರ್ಸು ಮುಗಿಸಿ ಪ್ಲೇ ಥೆರಪಿಸ್ಟ್ ಎಂದು ಹಾಕಿಕೊಂಡವರೂ ಇದ್ದಾರೆ. ಏನು ಓದಿದ್ದೀರಿ, ಎಷ್ಟು ಮಕ್ಕಳ ಜೊತೆ ಕೆಲಸ ಮಾಡಿದ್ದೀರಿ, ಹಿರಿಯರ ಮಾರ್ಗದರ್ಶನ ಇದೆಯಾ ಎಂದು ಕೇಳಲು ಸಂಕೋಚ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ನಾಲ್ಕೇ ಸಿಟ್ಟಿಂಗ್‌ನಲ್ಲಿ ಸರಿಮಾಡುತ್ತೇನೆ ಎಂದರೆ ಎದ್ದು ಬನ್ನಿ. ಮೂರು, ನಾಲ್ಕು ವಾರಕ್ಕೊಮ್ಮೆಯಾದರೂ ಅಪ್ಪ ಅಮ್ಮನನ್ನು ಕೂರಿಸಿ ಮಾತಾಡದವರ ಹತ್ತಿರವೂ ಮುಂದುವರಿಯಬೇಡಿ. ಆದರೆ ‘ಇವತ್ತು ಏನು ಆಡಿದ?’ ಎಂದು ಒಂದೊಂದನ್ನೂ ಅವರು ನಿಮಗೆ ಒಪ್ಪಿಸುವುದಿಲ್ಲ. ಅದು ಮಗುವಿನ ಗುಟ್ಟು. ಕಾರಿನಲ್ಲಿ ಬರುವಾಗ ನೀವೂ ಕೆದಕಬೇಡಿ.

ಎಷ್ಟು ದಿನ ಎಂದು ಮೊದಲೇ ಹೇಳಲಾಗದು. ನಿಮ್ಮ ಮಗನಂಥ ಮಕ್ಕಳಿಗೆ ಮೂರು ನಾಲ್ಕು ತಿಂಗಳು ಬೇಕಾಗಬಹುದು, ಕೆಲವರಿಗೆ ಇನ್ನೂ ಹೆಚ್ಚು. ನಡುವೆ ಎರಡು ಮೂರು ವಾರ ಹಟ, ಅಳು ಜಾಸ್ತಿಯೂ ಆಗಬಹುದು. ಅದುಮಿಟ್ಟದ್ದು ಮೇಲೆ ಬರುವಾಗ ಹಾಗಾಗುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ, ಚಿಕಿತ್ಸಕರಿಗೆ ಹೇಳಿ.

ಆಟದ ಚಿಕಿತ್ಸೆ ಎಲ್ಲದಕ್ಕೂ ಮದ್ದಲ್ಲ. ಮಗು ಕಲಿತ ಮಾತನ್ನು ಮರೆಯುತ್ತಿದ್ದರೆ, ಕಣ್ಣಿಗೆ ಕಣ್ಣು ಕೊಡದಿದ್ದರೆ, ಮೊದಲು ಬೆಳವಣಿಗೆಯ ತಪಾಸಣೆ ಬೇಕು. ‘ನಾನೂ ತಾತನ ಹತ್ತಿರ ಹೋಗ್ತೀನಿ’ ಎಂಬಂಥ ಮಾತು ಅವನ ಬಾಯಲ್ಲಿ ಬಂದರೆ ಬೈಯಬೇಡಿ, ಕಡೆಗಣಿಸಲೂ ಬೇಡಿ. ತಾತನನ್ನು ನೋಡುವ ಆಸೆಗೆ ಮಕ್ಕಳು ಹಾಗೆ ಹೇಳುವುದುಂಟು. ಆದರೂ ತಡಮಾಡದೆ ಡಾಕ್ಟರಿಗೆ ತಿಳಿಸಿ. ಯಾವುದೇ ಮಗುವಿನ ಆಟದಲ್ಲಿ ವಯಸ್ಸಿಗೆ ಮೀರಿದ ಲೈಂಗಿಕ ವಿವರಗಳು ಕಂಡರೆ ಮನೆಯಲ್ಲಿ ಪೊಲೀಸರ ಹಾಗೆ ವಿಚಾರಣೆ ಮಾಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ನಿಮಗೆ ಹತ್ತಿರದಲ್ಲೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ ಇದೆ. ಅಲ್ಲಿ ಮೊದಲು ತೋರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗ ಇದೆ. ಇದನ್ನು ಓದುತ್ತಿರುವ ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ರಾತ್ರಿ ಹೊತ್ತಿನಲ್ಲಿ ದಾರಿ ಕಾಣದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಕನ್ನಡಕದ ಡಬ್ಬಿ. ಅದನ್ನು ಬಚ್ಚಿಡಬೇಡಿ. ತಾತ ಹೋದ ಹಾಗೆ ಅದೂ ಒಂದು ದಿನ ಹೇಳದೆ ಮಾಯವಾದರೆ ಅವನಿಗೆ ಎರಡನೇ ಏಟು ಬೀಳುತ್ತದೆ. ಅವನು ಅಡುಗೆಮನೆಗೆ ಹೋದಾಗ ನೀವೂ ಹೋಗಿ, ಏನೂ ಕೇಳದೆ ಪಕ್ಕದಲ್ಲಿ ಕೂತುಕೊಳ್ಳಿ. ‘ತಾತನ ಡಬ್ಬಿ ಒಳಗೆ ಹೋಯಿತು’ ಎಂದಷ್ಟೇ ಹೇಳಿ. ಆಟ ವಾರದಿಂದ ವಾರಕ್ಕೆ ಬದಲಾಗುತ್ತಿದೆಯಾ, ಅವನ ಮುಖ ಹೇಗಿದೆ ಎಂದು ನೋಡಿಕೊಂಡು ಚಿಕಿತ್ಸಕರಿಗೆ ತಿಳಿಸಿ. ಅತ್ತೆಯವರಿಗೆ ಅಕ್ಕಿಯ ಬಗ್ಗೆ ಸಂಕಟ ಇದ್ದರೆ ಅದಕ್ಕೂ ದಾರಿ ಇದೆ. ಒಂದು ಚಿಕ್ಕ ಡಬ್ಬದಲ್ಲಿ ಎರಡು ಸೇರು ಅಕ್ಕಿ ಹಾಕಿ ‘ಇದು ನಿನ್ನದು’ ಎಂದು ಅವನಿಗೆ ಕೊಡಿ. ಊಟದ ಅಕ್ಕಿಯನ್ನು ಬೇರೆ ಇಟ್ಟುಕೊಳ್ಳಿ.